ಕುದುರೆ, ಕೋಳಿ ಮತ್ತು ಅಡಕತ್ತರಿ

ತಿಪ್ಪೆ ಕೆದಕುವ ಕೋಳಿಗೆ ಧನುರ್ವಾಯು ಬರುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ಅದರ ಕಾಲು ಸೆಗಣಿ, ಲದ್ದಿ, ಹರಕು ತಗಡು, ಮುರಿದ ಮೊಳೆಗಳ ನಡುವೆಯೇ ಆಡುತ್ತಿರುತ್ತದೆ. ಹುಂಜಗಳು ಕಾದಾಡಿ ಒಂದರ ಮೈಯನ್ನು ಇನ್ನೊಂದು ಹರಿದುಹಾಕುತ್ತವೆ. ಆದರೂ ಕತ್ತು ಸೆಟೆದು, ಬೆನ್ನು ಬಿಲ್ಲಾಗಿ ಸತ್ತ ಕೋಳಿಯನ್ನು ನಾನು ಕಂಡಿಲ್ಲ, ಕಂಡವರನ್ನೂ ಕಂಡಿಲ್ಲ. ಅದೇ ಕುದುರೆಯ ಗೊರಸಿಗೆ ಲಾಳ ಹೊಡೆಯುವಾಗ ಮೊಳೆ ಚೂರು ದಾರಿ ತಪ್ಪಿ ಮೆತ್ತನೆಯ ಮಾಂಸಕ್ಕೆ ತಾಗಿದರೆ ಸಾಕು, ಹತ್ತು ಹದಿನೈದು ದಿನದಲ್ಲಿ ಕುದುರೆ ಮರದ ಕುದುರೆಯಾಗಿ ನಿಂತುಬಿಡಬಹುದು. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವುದು ಮತ್ತೊಂದಿಲ್ಲ. ಒಂದೇ ತಿಪ್ಪೆ, ಒಂದೇ ಮಣ್ಣು. ಕೋಳಿಗಿರುವ ಈ ಅಭಯ ಕುದುರೆಗೆ ಯಾಕಿಲ್ಲ?

ಉತ್ತರ ಒಂದು ಮಣಿಯಷ್ಟು ದೊಡ್ಡದು. ಆದರೆ ಆ ಮಣಿ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಕುಣಿಗಲ್ ಅಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ದೊಡ್ಡಕೆರೆ. ಊರವರಿಗೆ ಅದರ ಜೊತೆಗೆ ಕುದುರೆ ಫಾರಂ ಕೂಡ. ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಿದ ಜಾಗವೆಂದು ಹೆಸರಾದ ಈ ಫಾರಂ ನಾನೂರಕ್ಕೂ ಹೆಚ್ಚು ಎಕರೆಯಲ್ಲಿ ಹರಡಿದೆ. ಬ್ರಿಟಿಷರ ಸೇನೆಗೂ ಇಲ್ಲಿಂದ ಕುದುರೆ ಹೋದವು. ಆಮೇಲೆ ಅದು ಸರ್ಕಾರದ ಕೈಗೆ ಬಂತು. 1992ರಿಂದ ಮೂವತ್ತು ವರ್ಷ ಗುತ್ತಿಗೆಗೆ ಹೋಗಿ, ರೇಸಿನ ಕುದುರೆಗಳ ತವರೆಂದು ದೇಶಕ್ಕೆಲ್ಲ ಗೊತ್ತಾಯಿತು. ಈಚೆಗೆ ಆ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಮಾತೆದ್ದು ಊರು ಎರಡಾದದ್ದು ಬೇರೆ ಕತೆ. ನಮಗೆ ಇಲ್ಲಿ ಬೇಕಾದದ್ದು ಕುದುರೆ ಸಾಕುವ ಕಡೆಯೆಲ್ಲ ಕೇಳಿಬರುವ ಒಂದು ಮಾತು: ಮರಿ ಹಾಕಿದರೆ ಹೊಕ್ಕುಳು ನೋಡು, ಲಾಳ ಕಟ್ಟಿದರೆ ಗೊರಸು ನೋಡು.

ಧನುರ್ವಾಯು ಹಿಡಿದ ಕುದುರೆಯನ್ನು ಗುರುತಿಸಲು ಪಶುವೈದ್ಯರು ಅದರ ಗಲ್ಲದ ಕೆಳಗೆ ಮೆಲ್ಲಗೆ ತಟ್ಟುತ್ತಾರೆ. ತಟ್ಟಿದ್ದೇ ತಡ, ಕಣ್ಣಿನ ಒಳಮೂಲೆಯಿಂದ ಬೆಳ್ಳನೆಯ ಪೊರೆಯೊಂದು ಪರದೆ ಎಳೆದಂತೆ ಕಣ್ಣಿನ ಮೇಲೆ ಸರಿದು ಹಿಂದಕ್ಕೆ ಹೋಗುತ್ತದೆ. ಅದು ಕುದುರೆಯ ಮೂರನೇ ರೆಪ್ಪೆ. ಕಿವಿಗಳು ನಿಮಿರಿರುತ್ತವೆ, ಬಾಲ ಎತ್ತಿ ನಿಂತಿರುತ್ತದೆ, ಮೂಗಿನ ಹೊಳ್ಳೆ ಅರಳಿರುತ್ತದೆ, ನಾಲ್ಕು ಕಾಲೂ ನೆಟ್ಟ ಗೂಟದ ಹಾಗೆ. ಬಾಗಿಲು ಬಡಿದರೆ, ಬಕೆಟ್ಟು ಬಿದ್ದರೆ ಮೈಯೆಲ್ಲ ಸೆಟೆಯುತ್ತದೆ. ಹುಲ್ಲು ಎದುರಿಗೇ ಇದ್ದರೂ ಬಾಯಿ ತೆರೆಯಲಾಗುವುದಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದೆಂದರೆ ಅದಕ್ಕೆ ಪ್ರಜ್ಞೆ ಪೂರ್ತಿ ಇರುತ್ತದೆ. ಮನುಷ್ಯನಿಗೂ ಹಾಗೇ.

ನಮ್ಮ ಭಾಷೆ ಈ ರೋಗಕ್ಕೆ ಕೊಟ್ಟ ಹೆಸರಿನಲ್ಲಿ ಚಿತ್ರವೇ ಇದೆ. ಬೆನ್ನಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು, ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿ, ನಡು ಮೇಲೆದ್ದಾಗ ದೇಹ ಧನುಸ್ಸು. ಸುಶ್ರುತ ಸಂಹಿತೆ ಇದನ್ನು ಧನುಸ್ತಂಭ ಎಂದು ಕರೆದಿದೆ. ವಾಯು ಎಂಬ ಭಾಗವನ್ನು ಇಂದಿನ ವಿಜ್ಞಾನ ಒಪ್ಪದಿರಬಹುದು. ಧನುಸ್ಸಿನ ಬಗ್ಗೆ ತಕರಾರಿಲ್ಲ.

ನನಗೆ ಈ ಪದ ಪರಿಚಯವಾದದ್ದು ಆರನೇ ಕ್ಲಾಸಿನಲ್ಲಿ, ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ. ಸಿದ್ಧಗಂಗೆಯ ದನದ ಜಾತ್ರೆಗೆ ಹೊರಡುವ ಮುಂಚೆ ಎತ್ತುಗಳಿಗೆ ಲಾಳ ಕಟ್ಟಿಸುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಒಂದೊಂದು ಗೊರಸಿಗೆ ಎರಡೆರಡರಂತೆ ಎಂಟು ಲಾಳ ಹೊಡೆಯಬೇಕು. ಸೀಳು ಗೊರಸಿನ ದನಕ್ಕೆ ಕುದುರೆಗಿಂತ ಇಮ್ಮಡಿ ಖರ್ಚು. ಹಳೆಯ ಲಾಳ ಕಿತ್ತ ಮೊಳೆಗಳು ನೆಲದಲ್ಲಿ ಚೆಲ್ಲಾಡಿದ್ದವು. ಬರಿಗಾಲಲ್ಲಿ ಓಡಿ ಬಂದವನ ಹಿಮ್ಮಡಿಗೆ ಒಂದು ಇಳಿಯಿತು. ರಕ್ತ ಬಂದದ್ದು ಎರಡೇ ಹನಿ. ಅಜ್ಜಿ ಬಚ್ಚಲೊಲೆಯ ಬೂದಿ ತಂದು ಒತ್ತಿದರು. ಅಪ್ಪ ಮಾತ್ರ ಸೈಕಲ್ ತೆಗೆದು, “ನಡಿಯೋ, ಸೂಜಿ ಹಾಕುಸ್ಕಂಡ್ ಬರಾನ. ಧನುರ್ವಾಯು ಆದ್ರೆ ಬಿಲ್ಲಾಗೋಯ್ತೀಯ” ಅಂದರು. ಗುಬ್ಬಿ ತಲುಪುವವರೆಗೂ ನಾನು ಬೆನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಬಾಗಿದೆಯಾ ಅಂತ.

ಆ ದಿನ ಎಲ್ಲರೂ ಬೈದದ್ದು ತುಕ್ಕನ್ನು. ತುಕ್ಕು ಹಿಡಿದ ಮೊಳೆ, ತುಕ್ಕು ಹಿಡಿದ ತಗಡು. ಪಾಪದ ತುಕ್ಕು! ಅದಕ್ಕೂ ಧನುರ್ವಾಯುವಿಗೂ ಸಂಬಂಧವಿಲ್ಲ. ಮೊಳೆ ಹೊಸದಾಗಿ ಹೊಳೆಯುತ್ತಿದ್ದರೂ ಅದರ ತುದಿಗೆ ಲದ್ದಿ ಅಂಟಿದ ಮಣ್ಣಿದ್ದರೆ ಅಷ್ಟೇ ಅಪಾಯ. ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ ಕುದುರೆ, ದನಗಳ ಕರುಳಿನಲ್ಲಿ ನಿರುಪದ್ರವಿಯಾಗಿ ಇರುತ್ತದೆ, ಸೆಗಣಿ ಲದ್ದಿಯೊಡನೆ ಮಣ್ಣು ಸೇರುತ್ತದೆ. ಗಾಳಿ ಅದಕ್ಕೆ ವಿಷ. ಆಮ್ಲಜನಕ ಇರುವ ಕಡೆ ಬೀಜಕವಾಗಿ ಮುದುಡಿ ಕೂರುತ್ತದೆ. ಒಂದು ತುದಿ ಉಬ್ಬಿದ ಆ ರೂಪ ಸೂಕ್ಷ್ಮದರ್ಶಕದಲ್ಲಿ ಥೇಟ್ ಡೊಳ್ಳಿನ ಕೋಲಿನಂತೆ ಕಾಣುತ್ತದೆ. ಬಿಸಿಲು, ಬರ, ಕುದಿನೀರು ಎಲ್ಲವನ್ನೂ ತಡೆದುಕೊಂಡು ವರ್ಷಗಟ್ಟಲೆ ಕಾಯುತ್ತದೆ. ಅಗಲವಾಗಿ ಹರಿದು ರಕ್ತ ಸುರಿಯುವ ಗಾಯ ಅದಕ್ಕೆ ಇಷ್ಟವಿಲ್ಲ. ಮೊಳೆ ಚುಚ್ಚಿ ಮೇಲೆ ಮುಚ್ಚಿಕೊಂಡ, ಗಾಳಿಯಾಡದ ಸಣ್ಣ ತೂತೇ ಅದರ ಬಸಿರಮನೆ. ಅಜ್ಜಿ ಒತ್ತಿದ ಬೂದಿ ಆ ತೂತಿಗೆ ಬಿರಡೆಯಾಯಿತೇ ಹೊರತು ಮದ್ದಾಗಲಿಲ್ಲ.

ಗುಬ್ಬಿಯವರು ಮರೆಯದ ಇಸವಿ 1884. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ, ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ ನಾಟಕ ಕಂಪನಿ ಹುಟ್ಟಿದ ವರ್ಷ ಅದು. ಅದೇ ವರ್ಷ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ಥರ್ ನಿಕೊಲಾಯರ್ ಎಂಬ ಯುವಕ ತೋಟದ ಮಣ್ಣನ್ನು ಸುಂಡಿಲಿ, ಮೊಲಗಳ ಚರ್ಮದಡಿ ಸೇರಿಸಿ, ಅವು ಸೆಟೆದು ಸಾಯುವುದನ್ನು ನೋಡಿದ. ಕೀವಿನಲ್ಲಿ ಉದ್ದನೆಯ ಬ್ಯಾಕ್ಟೀರಿಯಾ ಕಂಡವು. ಆಶ್ಚರ್ಯವೆಂದರೆ ಅವು ಗಾಯದ ಹತ್ತಿರ ಮಾತ್ರ ಇದ್ದವು. ರೋಗ ಮೈಯೆಲ್ಲ, ರೋಗಾಣು ಒಂದೇ ಮೂಲೆಯಲ್ಲಿ. ಹಾಗಾದರೆ ಅಲ್ಲಿಂದ ಹೊರಟು ಮೈಯೆಲ್ಲ ಹರಡುವ ಏನೋ ಒಂದು ವಿಷ ಇರಲೇಬೇಕು ಎಂದು ಅವನು ಊಹಿಸಿದ. 1889ರಲ್ಲಿ ಜಪಾನಿನ ಕಿಟಸಾಟೊ ಈ ಬ್ಯಾಕ್ಟೀರಿಯಾವನ್ನು ಶುದ್ಧವಾಗಿ ಬೇರ್ಪಡಿಸಿದರು. ಉಪಾಯ ಸರಳವಾಗಿತ್ತು: ಮಿಶ್ರಣವನ್ನು 80 ಡಿಗ್ರಿಗೆ ಕಾಯಿಸಿದರೆ ಉಳಿದವು ಸಾಯುತ್ತವೆ, ಬೀಜಕ ಉಳಿಯುತ್ತದೆ. ಅದನ್ನು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಬೆಳೆಸಿದರು. ಮರುವರ್ಷ ಕಿಟಸಾಟೊ ಮತ್ತು ಸಹವಿಜ್ಞಾನಿ ಬೇರಿಂಗ್ ಸೇರಿ, ವಿಷವನ್ನು ಸ್ವಲ್ಪಸ್ವಲ್ಪವೇ ತಾಳಿಕೊಂಡ ಪ್ರಾಣಿಯ ರಕ್ತದಲ್ಲಿ ಪ್ರತಿವಿಷ ಹುಟ್ಟುತ್ತದೆಂದು ತೋರಿಸಿದರು. ಆ ಪ್ರತಿವಿಷವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಿಸಿಕೊಂಡದ್ದು ಯಾವ ಪ್ರಾಣಿಯನ್ನು? ಕುದುರೆಯನ್ನೇ. ರೋಗಕ್ಕೆ ಎಲ್ಲಕ್ಕಿಂತ ಬೇಗ ಬೀಳುವ ಪ್ರಾಣಿ, ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರನ್ನು ತನ್ನ ರಕ್ತದಿಂದ ಉಳಿಸಿತು. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ವಿಷಕ್ಕೆ ಫಾರ್ಮಲಿನ್ ಹಾಕಿ ಹಲ್ಲು ಕಿತ್ತ ಹಾವಿನಂತೆ ಮಾಡಿ ಟಾಕ್ಸಾಯ್ಡ್ ಲಸಿಕೆ ತಯಾರಿಸಿದರು. ನನಗೆ ಗುಬ್ಬಿಯಲ್ಲಿ ಚುಚ್ಚಿದ ಟಿ.ಟಿ. ಅದೇ.

ಇಷ್ಟೆಲ್ಲ ಆದರೂ ಈ ವಿಷ ಒಳಗೆ ಹೋಗಿ ಮಾಡುವುದಾದರೂ ಏನು ಎಂಬುದು ಗೊತ್ತಿರಲಿಲ್ಲ. ಕಳ್ಳನನ್ನು ತಡೆಯುವ ಬೀಗ ಸಿಕ್ಕಿತ್ತು, ಕಳ್ಳ ಕದಿಯುವುದೇನನ್ನು ಎಂದು ತಿಳಿದಿರಲಿಲ್ಲ.

ಇಲ್ಲಿ ಸ್ವಲ್ಪ ಅಡುಗೆಮನೆಗೆ ಹೋಗಿ ಬರೋಣ. ಮಟನ್ ಬೇಯದೆ ಹಟ ಹಿಡಿದರೆ ನಮ್ಮ ಕಡೆ ಎರಡು ತುಂಡು ಪರಂಗಿಕಾಯಿ ಹಾಕುತ್ತಾರೆ. ಪರಂಗಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಮಾಂಸವೆಂದರೆ ಪ್ರೋಟೀನ್, ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿ ಪೋಣಿಸಿದ ಸರ. ಮಣಿ ಮಣಿಯ ನಡುವಿನ ದಾರವನ್ನು ಕತ್ತರಿಸುವ ಕಿಣ್ವಕ್ಕೆ ಪ್ರೋಟಿಯೇಸ್ ಎನ್ನುತ್ತಾರೆ. ಪಪೈನ್ ಅಂಥದ್ದೊಂದು. ನಮ್ಮ ಹೊಟ್ಟೆಯಲ್ಲೂ ಪೆಪ್ಸಿನ್, ಟ್ರಿಪ್ಸಿನ್ ಎಂಬವು ಹಗಲಿರುಳು ಇದೇ ಕೆಲಸ ಮಾಡುತ್ತವೆ.

ರೋಗ ತರುವ ಬ್ಯಾಕ್ಟೀರಿಯಾಗಳಿಗೂ ಇದು ಹೊಟ್ಟೆಪಾಡಿನ ಹತ್ಯಾರ. ವಸಡಿನಲ್ಲಿ ಕೀವು ತರುವ ಪಾರ್ಫಿರೊಮೊನಾಸ್ ತನ್ನ ಪ್ರೋಟಿಯೇಸ್‌ಗಳಿಂದ ಹಲ್ಲಿನ ಬುಡದ ಅಂಗಾಂಶವನ್ನು ಕರಗಿಸಿ ತಿನ್ನುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿ ಮನೆ ಮಾಡುವ ಸ್ಯೂಡೊಮೊನಾಸ್, ಚರ್ಮಕ್ಕೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಲಾಸ್ಟಿನ್ ಎಳೆಗಳನ್ನು ತುಂಡರಿಸುತ್ತದೆ. ಇವೆಲ್ಲ ಕುಡುಗೋಲಿನ ಜಾತಿಯವು. ಸಿಕ್ಕಿದ್ದನ್ನು ಕೊಯ್ಯುತ್ತವೆ, ಊರಗಲ ಗಾಯ ಮಾಡುತ್ತವೆ.

ಧನುರ್ವಾಯುವಿನದು ಅಡಕತ್ತರಿಯ ಜಾತಿ.

ಅಡಕತ್ತರಿ ಎಂದೆನೆಂದು ಅದನ್ನು ಬರೀ ಹೋಲಿಕೆಯಾಗಿ ತೆಗೆದುಕೊಳ್ಳಬೇಡಿ. ಗುಬ್ಬಿಯ ಯಾವ ಮನೆಯ ಎಲೆಯಡಿಕೆ ತಟ್ಟೆಯಲ್ಲಾದರೂ ಇರುವ ಅದನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಎರಡು ತೋಳು, ನಡುವೆ ಒಂದು ಕೀಲು, ಒಂದು ಕಡೆ ಮಾತ್ರ ಅಲಗು. ಟೆಟನಸ್, ಅಂದರೆ ಧನುರ್ವಾಯುವಿನ ವಿಷದ ಅಣುವೂ ಎರಡು ಭಾಗದ್ದು. ದೊಡ್ಡದು ಹಿಡಿ, ಚಿಕ್ಕದು ಅಲಗು. ಎರಡನ್ನೂ ಗಂಧಕದ ಒಂದು ಬಂಧ ಹಿಡಿದಿಟ್ಟಿರುತ್ತದೆ. ಹಿಡಿಯ ಕೆಲಸ ನರದ ತುದಿಯನ್ನು ಗುರುತಿಸಿ ಅಂಟಿಕೊಳ್ಳುವುದು, ಅಲಗನ್ನು ಒಳಕ್ಕೆ ದಾಟಿಸುವುದು. ಒಳಗೆ ಹೋದ ಮೇಲೆ ಗಂಧಕದ ಬಂಧ ಕಳಚಿ ಅಲಗು ಬಿಡುಗಡೆಯಾಗುತ್ತದೆ. ಅಲಗಿನ ನಡುವೆ ಸತುವಿನ ಒಂದೇ ಒಂದು ಪರಮಾಣು ಇದೆ. ಕತ್ತರಿಸುವ ಕಸುವೆಲ್ಲ ಅಲ್ಲಿ. ಸತು ತೆಗೆದುಬಿಟ್ಟರೆ ಅಲಗು ಮೊಂಡು.

ಇದನ್ನು ಕಂಡದ್ದು ಇಟಲಿಯ ಪಾದುವಾದಲ್ಲಿ, ಚೆಸಾರೆ ಮೊಂಟೆಕುಕ್ಕೊ ಮತ್ತು ಜಿಯಾಂಪಿಯೆತ್ರೊ ಸ್ಕಿಯಾವೊ ಅವರ ತಂಡ. ವಿಷದ ಅಮೈನೋ ಆಮ್ಲಗಳ ಸರಣಿ 1986ರಲ್ಲೇ ಓದಿ ಆಗಿತ್ತು. ಸತು ಹಿಡಿಯುವ ಪ್ರೋಟಿಯೇಸ್‌ಗಳಿಗೆಲ್ಲ ಸಾಮಾನ್ಯವಾದ ಐದು ಮಣಿಗಳ ಒಂದು ಗುರುತು ಅದರಲ್ಲಿರುವುದು ಆಮೇಲೆ ಕಣ್ಣಿಗೆ ಬಿತ್ತು. ಅರೆ, ಇದು ಬರೀ ವಿಷವಲ್ಲ, ಕಿಣ್ವ! ಕಿಣ್ವವಾದರೆ ಕತ್ತರಿಸುವುದೇನನ್ನು? 1992ರ ಅಕ್ಟೋಬರಿನಲ್ಲಿ ಉತ್ತರ ಪ್ರಕಟವಾಯಿತು. ಅದು ಸಿನಾಪ್ಟೊಬ್ರೆವಿನ್ ಎಂಬ ಪುಟ್ಟ ಪ್ರೋಟೀನನ್ನು ಕತ್ತರಿಸುತ್ತದೆ. ಅದರಲ್ಲಿರುವ ನೂರು ಚಿಲ್ಲರೆ ಮಣಿಗಳಲ್ಲಿ 76 ಮತ್ತು 77ನೆಯ ಮಣಿಗಳ ನಡುವೆ ಮಾತ್ರ. ದೇಹದ ಸಾವಿರಾರು ಬಗೆಯ ಪ್ರೋಟೀನುಗಳಲ್ಲಿ ಲೆಕ್ಕವಿಲ್ಲದಷ್ಟು ಬಂಧಗಳಿದ್ದರೂ ಅದರ ಕಣ್ಣು ಈ ಒಂದು ಬಂಧದ ಮೇಲೆ.

ಕಿಣ್ವವೆಂಬ ಮಾತಿನಲ್ಲೇ ಇನ್ನೊಂದು ಗುಟ್ಟಿದೆ. ಮಾಮೂಲಿ ವಿಷದ ಒಂದು ಅಣು ಒಂದು ಗುರಿಗೆ ಅಂಟಿದರೆ ಅದರ ಕತೆ ಅಲ್ಲಿಗೆ ಮುಗಿಯಿತು. ಕಿಣ್ವ ಹಾಗಲ್ಲ. ಒಂದು ಅಡಿಕೆ ಹೋಳು ಮಾಡಿದ ಅಡಕತ್ತರಿಯಲ್ಲಿ ಇನ್ನೊಂದು ಹೋಳು ಮಾಡಲು ಅಡ್ಡಿಯೇನು? ಹಾಗಾಗಿಯೇ ಅಷ್ಟು ಕಡಿಮೆ ಸಾಕು. ಒಂದು ಗ್ರಾಮನ್ನು ಕೋಟಿ ಪಾಲು ಮಾಡಿದರೆ ಅದರ ಒಂದೆರಡು ಪಾಲು ಒಬ್ಬ ದೊಡ್ಡ ಮನುಷ್ಯನನ್ನು ಕೊಲ್ಲಬಲ್ಲದು. ಇದು ಎಷ್ಟು ಕಡಿಮೆಯೆಂದರೆ, ನಮ್ಮ ರೋಗನಿರೋಧಕ ವ್ಯವಸ್ಥೆಗೆ ಶತ್ರು ಬಂದಿದ್ದೇ ಗೊತ್ತಾಗುವುದಿಲ್ಲ. ಒಮ್ಮೆ ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಮತ್ತೆ ಬರಬಹುದು, ಅವರಿಗೂ ಲಸಿಕೆ ಹಾಕಲೇಬೇಕು.

ಸಿನಾಪ್ಟೊಬ್ರೆವಿನ್ ಕತ್ತರಿಸಿದರೆ ಮೈ ಯಾಕೆ ಸೆಟೆಯಬೇಕು? ನರದ ತುದಿಯಲ್ಲಿ ಸಂದೇಶದ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳಿರುತ್ತವೆ. ಚೀಲ ಗೋಡೆಗೆ ಬಂದು ಅಂಟಿ ಒಡೆದರೆ ಸಂದೇಶ ಹೊರಬೀಳುತ್ತದೆ. ಚೀಲದ ಮೇಲಿನ ಒಂದು ಎಳೆ, ಗೋಡೆಯ ಕಡೆಯ ಎಳೆಗಳೊಂದಿಗೆ ಹಗ್ಗ ಹೊಸೆದಂತೆ ಹುರಿಗೊಂಡು ಚೀಲವನ್ನು ಎಳೆದು ತರುತ್ತದೆ. ಚೀಲದ ಮೇಲಿನ ಆ ಎಳೆಯೇ ಸಿನಾಪ್ಟೊಬ್ರೆವಿನ್. ಜೀವಕೋಶಗಳಲ್ಲಿ ನಡೆಯುವ ಈ ಚೀಲ ಸಾಗಾಟದ ಗುಟ್ಟು ಬಿಡಿಸಿದ ಮೂವರಿಗೆ 2013ರ ನೊಬೆಲ್ ಬಂತು. ಎಳೆ ತುಂಡಾದರೆ ಚೀಲ ಇದ್ದಲ್ಲೇ ಇರುತ್ತದೆ, ಆ ನರ ಮೂಕವಾಗುತ್ತದೆ.

ಮೂಕವಾಗುವುದು ಯಾವ ನರ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕುದುರೆಗೆ ಓಡು ಅನ್ನುವುದಕ್ಕೆ ಚಾವಟಿ ಇದ್ದಂತೆ ತಡೆ ಅನ್ನುವುದಕ್ಕೆ ಕಡಿವಾಣ ಇದೆ. ಮೊಣಕೈ ಮಡಚುವ ಸ್ನಾಯು ಬಿಗಿಯುವಾಗ ಚಾಚುವ ಸ್ನಾಯು ಸಡಿಲವಾಗಬೇಕು. ಆ ಸಡಿಲಿಸುವ ಹುಕುಂ ಕೊಡುವುದು ಬೆನ್ನುಹುರಿಯ ತಡೆಯುವ ನರಗಳು. ಟೆಟನಸ್ ವಿಷ ಸ್ನಾಯುವಿನ ಬಳಿ ನರದೊಳಗೆ ಹೊಕ್ಕು, ಅಲ್ಲಿ ನಿಲ್ಲದೆ, ನರದ ಒಳಗೊಳಗೇ ಹಿಂದಕ್ಕೆ ಹತ್ತಿ ಬೆನ್ನುಹುರಿ ಸೇರುತ್ತದೆ. ಅಲ್ಲಿ ಪಕ್ಕದ ತಡೆಯುವ ನರಕ್ಕೆ ಜಿಗಿದು ಕತ್ತರಿಸುತ್ತದೆ. ಕಡಿವಾಣ ಹರಿಯಿತು. ಇನ್ನು ಮಡಚುವ ಸ್ನಾಯುವೂ ಬಿಗಿ, ಚಾಚುವ ಸ್ನಾಯುವೂ ಬಿಗಿ. ಹಿಂದಕ್ಕೆ ಹತ್ತುವ ಈ ದಾರಿ ಗಿಡ್ಡವಿದ್ದಷ್ಟೂ ವಿಷ ಬೇಗ ತಲುಪುತ್ತದೆ. ಮುಖದ ನರಗಳು ಗಿಡ್ಡ. ಗಾಯದಿಂದ ಹೊರಟ ವಿಷ ಮೈಯೆಲ್ಲ ಹರಡುವುದರಿಂದ, ಹಿಮ್ಮಡಿಗೆ ಮೊಳೆ ಚುಚ್ಚಿದರೂ ಮೊದಲು ದವಡೆ ಕಟ್ಟುವುದು ಅದಕ್ಕೇ.

ಈಗ ಒಂದು ವಿಚಿತ್ರ ಕೇಳಿ. ಕೆಟ್ಟ ಡಬ್ಬಿ ಆಹಾರದಿಂದ ಬರುವ ಬಾಟುಲಿಸಂ ಎಂಬ ರೋಗದ ಹೆಸರು ಕೇಳಿರಬಹುದು. ಅದರ ವಿಷಗಳಲ್ಲಿ ಬಿ ಎಂಬ ಬಗೆ ಕತ್ತರಿಸುವುದೂ ಸಿನಾಪ್ಟೊಬ್ರೆವಿನನ್ನೇ, ಅದೇ 76 ಮತ್ತು 77ರ ನಡುವೆಯೇ. ಒಂದೇ ಪ್ರೋಟೀನ್, ಒಂದೇ ಬಂಧ. ರೋಗ ಮಾತ್ರ ತದ್ವಿರುದ್ಧ: ಬಾಟುಲಿಸಂನಲ್ಲಿ ಮೈ ಬಟ್ಟೆಯಂತೆ ಜೋಲುತ್ತದೆ, ರೆಪ್ಪೆ ಎತ್ತಲಾಗುವುದಿಲ್ಲ. ಅದು ಬೆನ್ನುಹುರಿಗೆ ಹೋಗದೆ ಸ್ನಾಯುವಿನ ಬಾಗಿಲಲ್ಲೇ ಕೂತು ಓಡು ಎನ್ನುವ ನರವನ್ನು ಮೂಕವಾಗಿಸುತ್ತದೆ. ಚಾವಟಿ ಹೋಯಿತು. ಮುಖದ ಸುಕ್ಕು ತೆಗೆಯಲು ಚುಚ್ಚಿಸಿಕೊಳ್ಳುವ ಬೊಟಾಕ್ಸ್ ಇದೇ ಮನೆತನದ್ದು, ಆದರೆ ಅದು ಎ ಬಗೆ, ಪಕ್ಕದ ಇನ್ನೊಂದು ಎಳೆಯನ್ನು ಕತ್ತರಿಸುವಂಥದ್ದು. ರೋಗದ ರೂಪ ಅಲಗಿನಲ್ಲಿಲ್ಲ, ಅಲಗನ್ನು ಒಯ್ದು ಇಟ್ಟ ಜಾಗದಲ್ಲಿದೆ. ಈ ಇಡೀ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದೇ ಇದು.

ಇನ್ನು ಕೋಳಿಯ ಕತೆ. ಪಾದುವಾ ತಂಡವೇ 1993ರಲ್ಲಿ ಇದನ್ನೂ ಬಿಡಿಸಿತು. ಕೋಳಿಯ ಮತ್ತು ಇಲಿ ಜಾತಿಯ ರ‍್ಯಾಟ್‌ನ ಸಿನಾಪ್ಟೊಬ್ರೆವಿನ್‌ನ ಒಂದು ಬಗೆಯಲ್ಲಿ 76ನೆಯ ಮಣಿ ಬದಲಾಗಿದೆ. ನಮ್ಮಲ್ಲಿ, ಕುದುರೆಯಲ್ಲಿ ಗ್ಲುಟಮಿನ್ ಇರುವ ಕಡೆ ಅವುಗಳಲ್ಲಿ ವ್ಯಾಲಿನ್ ಇದೆ. ಅಲಗು ಅಲ್ಲಿಗೆ ಬಂದರೂ ಹಲ್ಲು ಕೂರುವುದಿಲ್ಲ. ತಿಪ್ಪೆಯ ಮೇಲೆ ಬದುಕುವ ಜೀವಕ್ಕೆ ಒಂದು ಮಣಿಯ ಕವಚ.

ಮೇಯುವ ಕುದುರೆಯನ್ನು ಬಿಟ್ಟು ಮಲಗಿದ ಮಗುವಿನ ಹತ್ತಿರ ಬಂದರೆ ಇದೇ ಅಲಗು ಹೊಕ್ಕುಳ ಬಳ್ಳಿಯ ಮೂಲಕ ಬರುತ್ತದೆ. ಹುಟ್ಟಿದ ಎರಡು ದಿನ ಚೆನ್ನಾಗಿ ಹಾಲು ಕುಡಿದ ಮಗು, ಆಮೇಲೆ ಒಂದು ದಿನ ಬಾಯಿ ಬಿಡುವುದಿಲ್ಲ. ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದ ಬಳ್ಳಿ, ಅದರ ಮೇಲೆ ಹಚ್ಚಿದ ಸೆಗಣಿ ಬೂದಿ. 1988ರಲ್ಲಿ ಜಗತ್ತಿನಲ್ಲಿ 7,87,000 ಹಸುಗೂಸುಗಳು ಹೀಗೆ ಸತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದೇವಿಯ ಮುನಿಸು, ಬಾಲಗ್ರಹ ಎಂದುಕೊಂಡು ಮಣ್ಣು ಮಾಡಿದ ಕೂಸುಗಳೆಷ್ಟೋ.

ತುಮಕೂರು ಜಿಲ್ಲೆಯಲ್ಲಿ ಹೆರಿಗೆಯ ಮಾತು ಬಂದರೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಸ್ಪತ್ರೆ ಕಾಣದ ಊರುಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಬಂತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿಯರನ್ನು ದೂರಿ ಪ್ರಯೋಜನವಿರಲಿಲ್ಲ, ಮನೆ ಮನೆಗೆ ಹೋಗುತ್ತಿದ್ದವರು ಅವರೇ. ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು ಎಂದು ದೇಶದಾದ್ಯಂತ ಅವರಿಗೇ ಹೇಳಿಕೊಡಲಾಯಿತು. ಜೊತೆಗೆ ಬಸುರಿಗೆ ಎರಡು ಟಿ.ಟಿ. ತಾಯಿಯ ಪ್ರತಿಕಾಯ ಮಾಸುಚೀಲ ದಾಟಿ ಕೂಸಿಗೆ ಹೋಗುತ್ತದೆ, ಹುಟ್ಟುವ ಮೊದಲೇ ಕವಚ. 2015ರಲ್ಲಿ ಭಾರತ ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ಘೋಷಣೆಯಾಯಿತು. ನಿವಾರಣೆ ಎಂದರೆ ಸೊನ್ನೆಯಲ್ಲ. ಪ್ರತಿ ಜಿಲ್ಲೆಯಲ್ಲೂ ವರ್ಷಕ್ಕೆ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಎಂದರ್ಥ. ಸಿಡುಬಿನಂತೆ ಇದನ್ನು ಭೂಮಿಯಿಂದಲೇ ಅಳಿಸಲಾಗದು. ಅದರ ಮನೆ ಮನುಷ್ಯನಲ್ಲ, ಮಣ್ಣು.

ಮಣ್ಣಿನಲ್ಲಿ ಕಾಯುವ ಇನ್ನೊಂದು ಅಡಕತ್ತರಿ ಕುರಿಗಾಹಿಗಳಿಗೆ ಗೊತ್ತು, ನೆರಡಿ ರೋಗದ್ದು. ಅದನ್ನು ತರುವ ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಮಾರಕ ಅಂಶವೂ ಸತುವಿನ ಪ್ರೋಟಿಯೇಸ್. ಅದು ಜೀವಕೋಶದ ಸಂಕೇತ ಸಾಗಿಸುವ ಪ್ರೋಟೀನುಗಳ ತುದಿ ಕತ್ತರಿಸುತ್ತದೆ ಎಂಬುದು 1998ರಲ್ಲಿ ತಿಳಿಯಿತು. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಅದರ ಲಸಿಕೆ ತಯಾರಾಗುತ್ತದೆ. ಸತ್ತ ಕುರಿಯನ್ನು ಕೊಯ್ಯಬೇಡಿ, ಆಳವಾಗಿ ಹೂಳಿ ಎಂದು ವೈದ್ಯರು ಹೇಳುವುದು ಗಾಳಿ ತಾಗಿ ಬೀಜಕ ಕಟ್ಟದಿರಲಿ ಎಂದು.

ಇನ್ನೊಂದು ಪ್ರೋಟಿಯೇಸ್ ನೋಡಲು ಕುಣಿಗಲ್ಲಿಗೆ ಮತ್ತೆ ಬಂದದ್ದು ಕುದುರೆಗಲ್ಲ, ರೇಷ್ಮೆ ಹುಳುವಿಗೆ. ಈ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ನೂಲು ತೆಗೆಯಲು ರಾಮನಗರಕ್ಕೆ ಹೋಗುವ ಗೂಡಿನೊಳಗಿನ ಹುಳ ಬಿಸಿಗೆ ಸಾಯುತ್ತದೆ. ಮೊಟ್ಟೆ ತೆಗೆಯುವ ಬಿತ್ತನೆ ಕೋಠಿಗೆ ಹೋಗುವ ಗೂಡಿನ ಹುಳ ಚಿಟ್ಟೆಯಾಗಿ ಹೊರಬರುತ್ತದೆ. ಬೆಳಗಿನ ಜಾವ ಕೋಠಿಯಲ್ಲಿ ಕೂತು ನೋಡಬೇಕು. ಗೂಡಿನ ಒಂದು ತುದಿ ಮೊದಲು ಒದ್ದೆಯಾಗುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ, ಎಳೆಗಳು ಸಡಿಲವಾಗಿ ನಡುವಿನಿಂದ ಚಿಟ್ಟೆಯ ತಲೆ ತೂರಿ ಬರುತ್ತದೆ. ಚಿಟ್ಟೆ ಬಾಯಿಯ ಬಳಿ ಒಸರುವ ಕಕೂನೇಸ್ ಎಂಬ ಪ್ರೋಟಿಯೇಸ್ ಎಳೆಗಳನ್ನು ಹಿಡಿದ ಸೆರಿಸಿನ್ ಅಂಟನ್ನು ಮಾತ್ರ ಕರಗಿಸುತ್ತದೆ, ರೇಷ್ಮೆಯ ಎಳೆಯನ್ನು ಮುಟ್ಟುವುದಿಲ್ಲ.

ಔಷಧ ಅಂಗಡಿಯ ಒಂದು ಕತೆ ಇಲ್ಲಿ ತಪ್ಪುದಾರಿ ಹಿಡಿದಿದೆ. ಹಲ್ಲು ಕೀಳಿಸಿದಾಗ, ಕಾಲು ಉಳುಕಿದಾಗ ಊತಕ್ಕೆಂದು ಕೊಡುವ ಸೆರಾಶಿಯೋಪೆಪ್ಟಿಡೇಸ್ ಮಾತ್ರೆಯನ್ನು ಚಿಟ್ಟೆ ಗೂಡು ಕರಗಿಸುವ ಕಿಣ್ವ ಎಂದೇ ಹೊಗಳಿ ಮಾರುತ್ತಾರೆ. ಅಲ್ಲ. ಅದು ಜಪಾನಿನವರು ರೇಷ್ಮೆ ಹುಳುವಿನ ಕರುಳಿನಲ್ಲಿ ಕಂಡ ಸೆರಾಶಿಯಾ ಬ್ಯಾಕ್ಟೀರಿಯಾದ್ದು. ಈ ಸೆರಾಶಿಯಾ ಕುಲಕ್ಕೆ ಹೆಸರು ಬಂದದ್ದೂ ಪಾದುವಾ ಹತ್ತಿರವೇ, 1819ರಲ್ಲಿ, ಮೆಕ್ಕೆಜೋಳದ ಅಂಬಲಿ ರಾತ್ರೋರಾತ್ರಿ ರಕ್ತದ ಬಣ್ಣಕ್ಕೆ ತಿರುಗಿ ಊರು ಹೆದರಿದಾಗ. ಆಸ್ಪತ್ರೆಗಳಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ ಇದು. ರೇಷ್ಮೆ ಹುಳುವಿನ ರಕ್ತಕ್ಕೆ ಸೇರಿದರೆ ಹುಳ ಕೆಂಪಾಗಿ ಸಾಯುತ್ತದೆ. ಹುಳುವಿನ ರಕ್ತಕಣಗಳು ಶತ್ರುವಿಗೆ ಅಂಟಿಕೊಳ್ಳಲು ಬಳಸುವ ಪ್ರೋಟೀನನ್ನೇ ಅದರ ಪ್ರೋಟಿಯೇಸ್ ಕತ್ತರಿಸುತ್ತದೆಂದು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

ಮಾತ್ರೆಯಲ್ಲಿರುವ ಈ ಕಿಣ್ವದ ಗಾತ್ರವೂ ಟೆಟನಸ್ ಅಲಗಿನಷ್ಟೇ, ಅಣುವಿನ ತೂಕದ ಲೆಕ್ಕದಲ್ಲಿ ಸುಮಾರು 50,000 ಡಾಲ್ಟನ್. ಸತುವೂ ಅದೇ. ಆದರೆ ಇದು ಕುಡುಗೋಲಿನ ಜಾತಿ, ಹಿಡಿಯಿಲ್ಲ, ವಿಳಾಸ ಗೊತ್ತಿಲ್ಲ. ಬಾಯಿಯಿಂದ ನುಂಗಿದ್ದು ಹೊಟ್ಟೆಯ ಆಮ್ಲ ದಾಟಿ, ನಮ್ಮದೇ ಪ್ರೋಟಿಯೇಸ್‌ಗಳಿಂದ ಉಳಿದು, ಕರುಳಿನಿಂದ ರಕ್ತಕ್ಕೆ ಸೇರಿ, ಉಳುಕಿದ ಕಾಲನ್ನೇ ಹುಡುಕಿಕೊಂಡು ಹೋಗಬೇಕು! ಅದನ್ನು ಮೊದಲು ಮಾರುಕಟ್ಟೆಗೆ ತಂದ ಜಪಾನಿನ ತಾಕೆಡಾ ಕಂಪನಿ, ಔಷಧವಿಲ್ಲದ ಖಾಲಿ ಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷಿಸಿದಾಗ ಹೆಚ್ಚಿನ ಪ್ರಯೋಜನ ಕಾಣದೆ, 2011ರಲ್ಲಿ ತನ್ನ ಮಾತ್ರೆಯನ್ನು ತಾನೇ ಹಿಂತೆಗೆದುಕೊಂಡಿತು. ನಮ್ಮ ಅಂಗಡಿಗಳಲ್ಲಿ ನೋವಿನ ಮಾತ್ರೆಯ ಜೊತೆ ಬೆರೆಸಿ ಈಗಲೂ ಧಾರಾಳವಾಗಿ ಮಾರುತ್ತಾರೆ. ಊತ ಇಳಿಯುವುದು ಜೊತೆಗಿರುವ ನೋವಿನ ಮಾತ್ರೆಯಿಂದ ಮತ್ತು ನಾಲ್ಕು ದಿನ ಕಳೆಯುವುದರಿಂದ ಎಂದು ನನ್ನ ಗುಮಾನಿ.

ಹಾಗೆ ನೋಡಿದರೆ ನಾವು ಬೇಡದ್ದನ್ನು ಧಾರಾಳವಾಗಿ, ಬೇಕಾದ್ದನ್ನು ಅಡ್ಡಾದಿಡ್ಡಿಯಾಗಿ ತೆಗೆದುಕೊಳ್ಳುವವರು. ಬೆರಳಿಗೆ ಗೀರಾದರೆ ಆರು ತಿಂಗಳಾಯಿತೆಂದು ಮತ್ತೊಂದು ಟಿ.ಟಿ. ಚುಚ್ಚಿಸಿಕೊಳ್ಳುವವರಿದ್ದಾರೆ. ಸುತ್ತು ಪೂರ್ತಿ ಆದವರಿಗೆ ಸಾಮಾನ್ಯ ಗಾಯಕ್ಕೆ ಹತ್ತು ವರ್ಷ, ಮಣ್ಣು ಸೆಗಣಿ ಮೆತ್ತಿದ ಗಾಯಕ್ಕೆ ಐದು ವರ್ಷದವರೆಗೆ ಮರು ಡೋಸ್ ಬೇಡ. ಮಕ್ಕಳಿಗೆ ಶಾಲೆಯಲ್ಲಿ, ಹತ್ತು ಮತ್ತು ಹದಿನಾರನೇ ವಯಸ್ಸಿಗೆ, ಟಿ.ಟಿ. ಬದಲು ಈಗ ಡಿಫ್ತೀರಿಯಾವನ್ನೂ ತಡೆಯುವ ಟಿ.ಡಿ. ಕೊಡುತ್ತಾರೆ. ಅಮ್ಮಂದಿರದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಬಿಟ್ಟುಹೋಗುವವರು ಯಾರೆಂದರೆ ನಮ್ಮ ಅಜ್ಜಂದಿರು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಹೆಂಗಸರಿಗೆ ಬಸುರಿನಲ್ಲಾದರೂ ಸೂಜಿ ಬಿದ್ದಿತು, ಗಂಡಸರಿಗೆ ಅದೂ ಇಲ್ಲ. ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಓಡಾಡುವವರು, ಅಡಿಕೆ ತೋಟದಲ್ಲಿ ಸೆಗಣಿ ಗೊಬ್ಬರ ಹೊರುವವರು ಅವರೇ. ಇವತ್ತು ಒಂದು, ತಿಂಗಳು ಬಿಟ್ಟು ಒಂದು, ಆರು ತಿಂಗಳಿಂದ ವರ್ಷದೊಳಗೆ ಇನ್ನೊಂದು, ಒಟ್ಟು ಮೂರೇ ಡೋಸು. ಮುಂದಿನ ಸಲ ಊರಿಗೆ ಹೋದಾಗ ಅಜ್ಜನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಒಂದು ಸುತ್ತು ಹೋಗಿ ಬನ್ನಿ.